ಗಿಡದ ತುದಿ, ನನ್ನ ಹಲ್ಲು

ಮಾನಸ, ಭೂಮಿಕಾ, ಇಬ್ಬರೂ ಕೇಳಿ. ನಿಮ್ಮಜ್ಜಿ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಓದಿದವಳು. ಹಸುವಿನ ಬಗ್ಗೆ ಬರೆಯಿರಿ ಎಂದು ಮೇಷ್ಟ್ರು ಹೇಳಿದರೆ ನಾನು ಹಸುವಿನಿಂದ ಶುರುಮಾಡಿ ಪಕ್ಕದ ಮನೆಯ ಜಗಳದಲ್ಲಿ ಮುಗಿಸುತ್ತಿದ್ದೆ. ಈಗ ಗಿಡದ ಬಗ್ಗೆ ಬರೆಯಲು ಕೂತಿದ್ದೇನೆ, ಎಲ್ಲಿಗೆ ಹೋಗಿ ಮುಟ್ಟುತ್ತೇನೋ ನನಗೂ ತಿಳಿಯದು. ಬಾಯಲ್ಲೇ ಹೇಳಬಹುದಿತ್ತು. ಆದರೆ ನಾನು ಮಾತಾಡುವಾಗ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ, ಸೆರಗಿನ ಹಿಂದಿನ ಮಾತು ನಿಮಗೆ ಅರ್ಧ ಕೇಳಿಸುವುದಿಲ್ಲ. ಬರೆಯುವಾಗ ಆ ತೊಂದರೆಯಿಲ್ಲ. ಒಂದು ಕೈ ಹಾಳೆಯನ್ನು ಒತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಪೆನ್ನು. ಸೆರಗಿಗೆ ಕೈಯೇ ಉಳಿಯುವುದಿಲ್ಲ.

ಮಾನಸ, ನೀನು ತುಮಕೂರಿನ ಹಾಸ್ಟೆಲಿಗೆ ಹೊರಟ ದಿನ ನೆನಪಿದೆಯಾ? ಪೆಟ್ಟಿಗೆ ಆಟೋಗೆ ಹಾಕಿ, ಮತ್ತೆ ಇಳಿದು ಒಳಗೆ ಓಡಿಬಂದೆ. ನನ್ನನ್ನು ಇನ್ನೊಂದು ಸಲ ತಬ್ಬಿಕೊಳ್ಳಲು ಬಂದಳೆಂದು ನಾನು ಸೆರಗು ಸರಿಮಾಡಿಕೊಂಡರೆ, ನೀನು ಹೋಗಿದ್ದು ಕಿಟಕಿಯ ಹತ್ತಿರ. ಅಲ್ಲಿದ್ದ ಕುಂಡ ತೋರಿಸಿ ಹೇಳಿದೆ, "ಅಜ್ಜಿ, ಇದನ್ನ ನೀನೇ ನೋಡ್ಕೋಬೇಕು. ಅಮ್ಮಂಗೆ ಹೇಳಿದ್ರೆ ಮರೀತಾಳೆ."

ಗೊರವನಹಳ್ಳಿಗೆ ಹೋಗಿದ್ದಾಗ ದೇವಸ್ಥಾನದ ದಾರಿಯಲ್ಲಿ ಗಿಡ ಮಾರುವವನ ಹತ್ತಿರ ನೀನು ಹಟ ಹಿಡಿದು ಕೊಂಡ ಗಿಡ ಅದು. ಸ್ಪೈಡರ್ ಪ್ಲಾಂಟ್ ಎಂದೆ. ನನ್ನ ಬಾಯಲ್ಲಿ ಅದು ಜೇಡರ ಗಿಡವಾಯಿತು. ಹುಲ್ಲಿನ ಹಾಗೆ ಉದ್ದುದ್ದ ಎಲೆ, ನಡುವೆ ಬಿಳಿ ಪಟ್ಟೆ. ರಾಗಿ, ಅವರೆ, ಕಡಲೆಕಾಯಿ ಬೆಳೆದ ನನ್ನ ಕೈಗೆ ಇದರ ಉಪಯೋಗವೇನೆಂದು ಮೊದಲು ಹೊಳೆಯಲಿಲ್ಲ. ದೇವರಿಗೆ ಹೂವಿಲ್ಲ, ಸಾರಿಗೆ ಸೊಪ್ಪಿಲ್ಲ, ದನಕ್ಕೆ ಹಾಕೋಣವೆಂದರೆ ದನವಿಲ್ಲ. ಆಮೇಲೆ ಅದು ಉದ್ದನೆಯ ದಂಟು ಬಿಟ್ಟು, ದಂಟಿನ ತುದಿಯಲ್ಲಿ ಪುಟ್ಟ ಪುಟ್ಟ ಮರಿಗಳನ್ನು ಹೆತ್ತಿತು. ಮೊಮ್ಮಕ್ಕಳನ್ನು ಕೊರಳಿಗೆ ಜೋತುಹಾಕಿಕೊಂಡು ನಿಂತ ಮುದುಕಿಯ ಹಾಗೆ ಕಂಡಿತು. ಅಲ್ಲಿಂದ ನಮ್ಮಿಬ್ಬರಿಗೂ ಸ್ನೇಹವಾಯಿತು.

ನೋಡಿಕೊಳ್ಳುವುದೆಂದರೆ ನೀರು ಹಾಕುವುದು, ಅಷ್ಟೇ ತಾನೆ. ನಮ್ಮ ಅಡುಗೆಮನೆಯ ಗೋಡೆಗೆ ಫಿಲ್ಟರ್ ಹಾಕಿದ್ದಾರಲ್ಲ, ಅದಕ್ಕೆ ಎರಡು ಪೈಪು. ಒಂದರಲ್ಲಿ ಕುಡಿಯುವ ನೀರು ಬರುತ್ತದೆ, ಇನ್ನೊಂದರಲ್ಲಿ ಅದು ಬೇಡವೆಂದು ಬಿಟ್ಟ ನೀರು. ಬೇಡದ ನೀರೇ ಹೆಚ್ಚು. ಮೊದಲೆಲ್ಲ ಅದು ಸಿಂಕಿನಲ್ಲಿ ಹರಿದು ಹೋಗುತ್ತಿತ್ತು. ನಾನು ಪಾವಗಡ ಸೀಮೆಯಲ್ಲಿ ಹುಟ್ಟಿದವಳು. ಅಕ್ಕಿ ತೊಳೆದ ನೀರು ಎಮ್ಮೆಗೆ, ಸ್ನಾನದ ನೀರು ಕರಿಬೇವಿಗೆ, ಪಾತ್ರೆ ಬೆಳಗಿದ ನೀರು ಅಂಗಳಕ್ಕೆ ಎಂದು ಲೆಕ್ಕವಿಟ್ಟ ಮನೆಯವಳು. ಕಣ್ಣೆದುರೇ ತಿಳಿನೀರು ಚರಂಡಿಗೆ ಹೋಗುವುದನ್ನು ಹೇಗೆ ನೋಡಲಿ? ಪೈಪಿನ ಕೆಳಗೆ ಬಕೆಟ್ ಇಟ್ಟೆ. ಅದರಲ್ಲಿ ನೆಲ ಒರೆಸಿದೆ, ಮಿಕ್ಕಿದ್ದನ್ನು ಜೇಡರ ಗಿಡಕ್ಕೆ ಹಾಕಿದೆ. ನಿಮ್ಮಮ್ಮ ಗಿರಿಜ ಮೆಚ್ಚಿಕೊಂಡು ಬೀದಿಯವರಿಗೆಲ್ಲ ಹೇಳಿದಳು. ನನಗೆ ಒಳಗೊಳಗೇ ಬಹಳ ಜಂಬವಾಯಿತು. ಜಂಬಕ್ಕೂ ಸೆರಗು ಮುಚ್ಚಿಕೊಂಡೆ ಅನ್ನಿ.

ದೀಪಾವಳಿ ಕಳೆದ ಮೇಲೆ ಒಂದು ಎಲೆಯ ತುದಿ ಕಂದಿತು. ಊದುಬತ್ತಿ ತಾಗಿಸಿದ ಹಾಗೆ ಒಂದು ಚುಕ್ಕೆ. ವಾರ ಕಳೆಯುವಷ್ಟರಲ್ಲಿ ಪಕ್ಕದ ಎಲೆಗೂ ಬಂತು, ಆಮೇಲೆ ಎಲ್ಲಕ್ಕೂ. ನೀನು ಫೋನ್ ಮಾಡಿ, "ಗಿಡ ಹೆಂಗೈತಜ್ಜಿ?" ಎಂದಾಗಲೆಲ್ಲ ನಾನು "ಚೆನ್ನಾಗೈತೆ ಕಣಮ್ಮ" ಎನ್ನುತ್ತಿದ್ದೆ. ಹಾಗೆನ್ನುವಾಗ ಗಿಡಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಮನುಷ್ಯರಿಗೆ ಕಾಯಿಲೆ ಬಂದರೆ ಬಂದವರೆಲ್ಲ ವೈದ್ಯರಾಗುತ್ತಾರೆ. ಗಿಡಕ್ಕೂ ಹಾಗೇ ಎಂದು ಆಗ ತಿಳಿಯಿತು. ಗಿರಿಜ ಇದು ಬಿಸಿಲಿನ ಝಳ ಎಂದಳು. ನಮ್ಮ ಮಧುಗಿರಿಯಲ್ಲಿ ಸಂಜೆ ಸೂರ್ಯ ಮುಳುಗಿದರೂ ಬೆಟ್ಟದ ಬಂಡೆ ಕಾವು ಬಿಡುತ್ತಲೇ ಇರುತ್ತದಲ್ಲ, ಅವಳ ಮಾತು ನಿಜವಿರಬಹುದೆಂದು ಕುಂಡವನ್ನು ಒಳಕ್ಕೆ ಸರಿಸಿದೆ. ಏನೂ ಹೆಚ್ಚುಕಡಿಮೆಯಾಗಲಿಲ್ಲ. ಕೂತು ಯೋಚಿಸಿದರೆ, ಬಿಸಿಲಾಗಿದ್ದರೆ ಬಿಸಿಲು ಬೀಳುವ ಕಡೆ ತಾನೆ ಸುಡಬೇಕು? ಗೋಡೆಯ ಕಡೆಗಿದ್ದ ಎಲೆಯ ತುದಿಯೂ ಅಷ್ಟೇ ಕಂದಿತ್ತು. ನೀರು ಸಾಲದೆ ಒಣಗಿದೆಯೇ ಎಂದು ಮಣ್ಣಿಗೆ ಬೆರಳು ಹಾಕಿ ನೋಡಿದೆ. ಮಣ್ಣು ತಂಪಾಗೇ ಇತ್ತು. ಎಲೆಯ ಅಡಿಯಲ್ಲಿ ಹುಳ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಅದೂ ಇಲ್ಲ.

ಪಕ್ಕದ ಮನೆಯ ಶಂಷಾದ್‌ಬಿ ಸಿರಾ ಕಡೆಯವಳು. ಬಾಗಿಲಲ್ಲಿ ನಿಂತೇ ಕಾಯಿಲೆ ಹೇಳಿಬಿಟ್ಟಳು.

"ನಜರ್ ಬಿದ್ದೈತೆ ಗಂಗಕ್ಕ. ನಿಮ್ಮನೆಗೆ ಬಂದೋರೆಲ್ಲ ಮೊದ್ಲು ಇದ್ನೇ ನೋಡೋದು."

"ಗಿಡಕ್ಕೂ ಬೀಳ್ತದಾ ದೃಷ್ಟಿ?"

"ಯಾಕೆ, ಅದ್ಕೂ ಜೀವ, ಜಾನ್ ಇಲ್ವಾ? ಮರಿ ಬೇರೆ ಹೆತ್ತೈತೆ. ಬಾಣಂತಿ."

ಬಾಣಂತಿ ಎಂದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕುಂಡಕ್ಕೆ ಇಳಿ ತೆಗೆದೆ. ಮೆಣಸಿನಕಾಯಿಯನ್ನು ಒಲೆಗೆ ಹಾಕಿದೆ. ಉಪ್ಪು ಕರಗಿದ ಹಾಗೆ ದೃಷ್ಟಿ ಕರಗಲೆಂದು ಉಪ್ಪನ್ನು ನೀರಿಗೆ ಹಾಕಬೇಕಲ್ಲವೇ? ಕಣ್ಣೆದುರಿಗಿದ್ದದ್ದು ಅದೇ ಬಕೆಟ್ಟು. ಅದಕ್ಕೇ ಹಾಕಿದೆ. ಆಮೇಲೆ ಬೇರೆ ಕೆಲಸಕ್ಕೆ ಹೋದೆ. ಸಂಜೆ ಬಂದು, ಅಭ್ಯಾಸದಂತೆ, ಅದೇ ಬಕೆಟ್ಟಿನ ನೀರನ್ನು ಗಿಡಕ್ಕೆ ಹಾಕಿದೆ. ದೃಷ್ಟಿ ತೆಗೆದು ತಿರುಗಿ ಅದಕ್ಕೇ ಕುಡಿಸಿದ ಹೆಂಗಸು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸಾಲದೆಂದು ಇನ್ನೂ ಒಂದು ಉಪಕಾರ ಮಾಡಿದೆ. ಬಾಣಂತಿಗೆ ಪುಷ್ಟಿ ಬೇಡವೇ? ಕಡಲೆಕಾಯಿ ಹಿಂಡಿಯನ್ನು ನೆನೆಹಾಕಿ, ಗಬ್ಬು ನಾರುವವರೆಗೆ ಬಿಟ್ಟು, ಮಂದವಾಗಿ ಹಾಕಿದೆ. ಹಾಲು ಕರೆಯುವ ಎಮ್ಮೆಗೆ ಹಿಂಡಿ ಹಾಕಿ ಗೊತ್ತಿದ್ದವಳು, ಎಮ್ಮೆಯ ಹೊಟ್ಟೆ ಎಷ್ಟು, ಕುಂಡದ ಹೊಟ್ಟೆ ಎಷ್ಟು ಎಂದು ನೋಡಲಿಲ್ಲ. ಅದುವರೆಗೆ ಹಳೆಯ ಎಲೆಗಳ ತುದಿ ಮಾತ್ರ ಕಂದುತ್ತಿತ್ತು. ಈಗ ನಡುವಿನಿಂದ ಏಳುವ ಹೊಸ ಸುಳಿಯೇ ಮುದುರಿಕೊಂಡು, ಹೊರಬರುವಾಗಲೇ ಸುಟ್ಟ ಬಣ್ಣದಲ್ಲಿ ಬಂತು. ಹಳೆ ಎಲೆ ಹೇಗಾದರೂ ಇರಲಿ, ಸುಳಿ ಕೆಟ್ಟರೆ ಗಿಡ ಉಳಿಯುವುದಿಲ್ಲ. ಹೊಲದಲ್ಲಿ ದುಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಭೂಮಿ, ಇನ್ನು ನಿನ್ನ ವಿಷಯ. ಆಗಲೇ ನಿನ್ನ ಮುಂದಿನ ಹಲ್ಲು ಬಿದ್ದದ್ದು. ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕು, ನಮ್ಮದು ತಾರಸಿ ಮನೆ. ನಾನೂ ನೀನೂ ಹೋಗಿ ಶಂಷಾದ್‌ಬಿಯ ಹೆಂಚಿನ ಮೇಲೆ ಎಸೆದು ಬಂದೆವು. ನೀನು ನಗುತ್ತಾ ಬಂದೆ. ನಾನು ಹೆದರಿಕೊಂಡು ಬಂದೆ. ಹಾಲುಹಲ್ಲು ಹೋಯಿತು, ಇನ್ನು ಬರುವುದು ಯಾವ ಬಣ್ಣದ್ದು?

ನನ್ನ ಹಲ್ಲುಗಳನ್ನು ನೀವು ಸರಿಯಾಗಿ ನೋಡಿಲ್ಲ. ನಾನು ನೋಡಗೊಟ್ಟಿಲ್ಲ. ಕಂದು ಬಣ್ಣದ ಗೀರು, ಅಲ್ಲಲ್ಲಿ ಸೀಮೆಸುಣ್ಣದಂಥ ಬಿಳಿ ಮಚ್ಚೆ. ನಮ್ಮೂರಿನಲ್ಲಿದ್ದಾಗ ಅದೊಂದು ವಿಷಯವೇ ಆಗಿರಲಿಲ್ಲ. ನಮ್ಮವ್ವನದೂ ಹಾಗೇ, ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದವರದೂ ಹಾಗೇ. ಹಿಂದೂಪುರದಿಂದ ಬರುವ ಬಸ್ಸಿನ ಕಂಡಕ್ಟರ್ ನಕ್ಕಾಗ ಅವನ ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಪಾಪ, ಈ ವಯಸ್ಸಿಗೇ ಹಲ್ಲು ಕಟ್ಟಿಸಿಕೊಂಡಿದ್ದಾನೆ ಎಂದು ನಾವು ಹುಡುಗಿಯರು ಮರುಗುತ್ತಿದ್ದೆವು.

ಮದುವೆಯಾಗಿ ಕೊಡಿಗೇನಹಳ್ಳಿಗೆ ಬಂದಾಗ ಕಟ್ಟಿಸಿಕೊಳ್ಳಬೇಕಾದವಳು ನಾನೇ ಎಂದು ಗೊತ್ತಾಯಿತು. ಬಂದ ಹೊಸತರಲ್ಲಿ ನಿಮ್ಮ ತಾತನ ತಂಗಿ, ತುಂಬಿದ ಪಡಸಾಲೆಯಲ್ಲಿ, "ಅತ್ತಿಗೆ, ಹೊಗೆಸೊಪ್ಪು ಹಾಕ್ತೀಯಾ?" ಎಂದು ಕೇಳಿದಳು. ಕೆಟ್ಟವಳಲ್ಲ, ಬಾಯಿ ಸ್ವಲ್ಪ ಮುಂದು, ಅಷ್ಟೇ. ಇದ್ದವರೆಲ್ಲ ನಕ್ಕರು. ಅವರ ಜೊತೆ ನಾನೂ ನಗಬೇಕೆಂದು ಹೊರಟು, ಅರ್ಧಕ್ಕೇ ಸೆರಗು ಎಳೆದುಕೊಂಡೆ. ಸೆರಗು ಬಾಯಿಗೆ ಹೋದದ್ದು ಅವತ್ತೇ. ಇದ್ದಿಲಿನಲ್ಲಿ ತಿಕ್ಕಿದೆ, ಉಪ್ಪಿನಲ್ಲಿ ತಿಕ್ಕಿದೆ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ವಸಡಿನಲ್ಲಿ ರಕ್ತ ಬರಿಸಿಕೊಂಡೆ. ಒಂದು ದಿನ ಹಿತ್ತಲಿನಲ್ಲಿ ನಿಮ್ಮ ತಾತ ನೋಡಿಬಿಟ್ಟರು. ಹೇಳಿದರು, "ನಿನ್ ಹಲ್ಲಲ್ಲಿ ನಾನೇನು ಊಟ ಮಾಡ್ಬೇಕಾ? ಕಡಲೆಕಾಯಿ ಒಡೆಯಕ್ಕಾದ್ರೆ ಸಾಕು ಬುಡು." ಅದು ಅವರ ಸಮಾಧಾನದ ರೀತಿ. ಅವತ್ತು ಸಂಜೆ ಹುರಿದ ಕಡಲೆಕಾಯಿ ತಂದು ನನ್ನ ಮುಂದೆ ಸುರಿದರು. ಅವರಿರುವ ತನಕ, ಅವರೆದುರು ಮಾತ್ರ, ನಾನು ಸೆರಗಿಲ್ಲದೆ ನಕ್ಕಿದ್ದೇನೆ. ಅವರು ಹೋದ ಮೇಲೆ ಆ ಜಾಗವೂ ಹೋಯಿತು.

ತವರಿಗೆ ಹೋದಾಗ ಅವ್ವನನ್ನು ಕೇಳಿದ್ದೆ, ನಮಗೆ ಮಾತ್ರ ಯಾಕೆ ಹೀಗೆ ಎಂದು. ನಮ್ಮ ಕಡೆ ಮಾತಿನಲ್ಲಿ ಅರ್ಧ ತೆಲುಗು. "ಮನ ಇಂಟಿ ಪಳ್ಳು ಕಣಮ್ಮಾ, ಏನ್ ಮಾಡಕಾಯ್ತದೆ?" ಎಂದಳು. ಇದು ನಮ್ಮ ಮನೆತನದ ಹಲ್ಲು, ಬಂದದ್ದು ಬಂದ ಹಾಗೆ ಇಟ್ಟುಕೊಳ್ಳಬೇಕು ಎಂದು ಅವಳ ಅರ್ಥ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಆಮೇಲೆ ನಮ್ಮ ಕಡೆಯ ನೀರಿನ ಬಗ್ಗೆ ಎಲ್ಲರೂ ಮಾತಾಡಿದರು, ಊರೂರಿಗೆ ಶುದ್ಧ ನೀರಿನ ಘಟಕ ಬಂತು, ಫ್ಲೋರೈಡ್ ಎನ್ನುವ ಮಾತು ನನ್ನ ಕಿವಿಗೂ ಬಿತ್ತು. ಕಿವಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಇಳಿಯುವುದಿಲ್ಲ. ಅವ್ವ ಹೇಳಿದ್ದು ಅದಕ್ಕಿಂತ ಮೊದಲೇ ಇಳಿದು ಜಾಗ ಹಿಡಿದಿತ್ತು.

ನಿಮ್ಮಪ್ಪನಿಗೆ ಆ ಹಲ್ಲು ಬರಲಿಲ್ಲ. ಆದರೆ ಅಜ್ಜಿಯ ಹೋಲಿಕೆ ಮಗನನ್ನು ದಾಟಿ ಮೊಮ್ಮಗಳಿಗೆ ಬರುತ್ತದೆ ಎನ್ನುತ್ತಾರೆ. ಮಾನಸ ತನ್ನಮ್ಮನ ಹಾಗೆ. ಭೂಮಿ, ನಿನ್ನನ್ನು ನೋಡಿದವರೆಲ್ಲ ಗಂಗಮ್ಮನ ಪಡಿಯಚ್ಚು ಎನ್ನುತ್ತಿದ್ದರು. ಅದೇ ಹಣೆ, ಅದೇ ಗಲ್ಲ, ಕಿವಿ ಕೂಡ ಅದೇ. ಬೇರೆಯವರಿಗೆ ಅದು ಕೇಳಲು ಹಿತವಾದ ಮಾತು. ನಾನು ಮಾತ್ರ ನಿನ್ನ ಬಾಯಿಯನ್ನೇ ನೋಡುತ್ತಿದ್ದೆ.

ಕೊನೆಗೂ ಹೊಸ ಹಲ್ಲು ವಸಡು ಸೀಳಿಕೊಂಡು ಇಣುಕಿತು. ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿತ್ತು. ಪಕ್ಕದ ಹಾಲುಹಲ್ಲು ಮಲ್ಲಿಗೆ ಮೊಗ್ಗಿನಂತಿದ್ದರೆ ಇದು ಹಳದಿ. ನಿನ್ನ ಬಾಯಲ್ಲಿಯೂ ಸುಳಿ ಕೆಟ್ಟೇ ಹುಟ್ಟಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಬೆಳಕಿಗೆ ನಿಲ್ಲಿಸಿ, "ಬಾಯಿ ತೆಗಿ ಕಣಮ್ಮ, ಹಲ್ಲು ನೋಡ್ಬೇಕು" ಎನ್ನುತ್ತಿದ್ದೆ. ನೀನು ಬಾಯಿ ತೆಗೆದುಕೊಂಡೇ, "ನೀನೇನು ಡಾಕ್ಟ್ರಾ?" ಎಂದು ಕೇಳುತ್ತಿದ್ದೆ. ಸೆರಗಿನ ಹಿಂದೆ ಒಂದು ಬಾಳು ಕಳೆದುಹೋಯಿತು, ಅದು ನನ್ನದು, ಹೋಗಲಿ. ಈ ಮಗುವಿಗೂ ಅದನ್ನೇ ಕೊಟ್ಟೆನೇ ಎಂಬುದು ನನ್ನನ್ನು ಒಳಗೇ ಕೊರೆಯುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಕುಂಡದ ಕೆಳಗಿನ ತಟ್ಟೆ ತೊಳೆಯೋಣವೆಂದು ಕುಂಡ ಎತ್ತಿದೆ. ಕುಂಡದ ಅಂಚಿನ ಸುತ್ತ, ಮಣ್ಣಿನ ಮೇಲೆ, ತಟ್ಟೆಯಲ್ಲಿ, ಎಲ್ಲೆಲ್ಲೂ ಬೆಳ್ಳನೆಯ ಹಕ್ಕಳೆ. ಬೂಸ್ಟು ಎಂದುಕೊಂಡು ಉಗುರಿನಲ್ಲಿ ಕೆರೆದೆ. ಬೂಸ್ಟಲ್ಲ, ಕಲ್ಲಿನ ಹಾಗೆ ಗಟ್ಟಿ, ಪರ್ ಪರ್ ಎಂದು ಎದ್ದು ಬಂತು. ಆ ಸದ್ದು ನನ್ನ ಬೆರಳಿಗೆ ಗೊತ್ತಿತ್ತು.

ನಮ್ಮ ತವರಿನ ಸೂರಿಲ್ಲದ ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆಯಿತ್ತು. ಹಬ್ಬ ಬಂತೆಂದರೆ ಅವ್ವ ನನ್ನನ್ನು ಅದರೊಳಗೆ ಇಳಿಸುತ್ತಿದ್ದಳು. ನಾನು ಸಣ್ಣವಳು, ಕಾಲು ಮಡಿಸಿ ಕೂತರೆ ಹಿಡಿಸುತ್ತಿದ್ದೆ. ಹಂಡೆಯ ಒಳಗೋಡೆಗೆ ನೀರು ಕಾದೂ ಕಾದೂ ಬಿಳಿ ಹಕ್ಕಳೆ ಕಟ್ಟಿರುತ್ತಿತ್ತು. ಹುಣಸೆಹಣ್ಣು ಹಚ್ಚಿ ಸಟ್ಟುಗದ ಹಿಡಿಯಿಂದ ಕೆರೆಯಬೇಕು. ಪರ್ ಪರ್. ಮೇಲಿನಿಂದ ಅವ್ವನ ಮುಖ ಇಣುಕಿ, "ಆಯ್ತೇನಮ್ಮಾ?" ಎಂದು ನಕ್ಕರೆ ಅವಳ ಕಂದು ಹಲ್ಲುಗಳ ಹಿಂದೆ ಆಕಾಶ ಕಾಣುತ್ತಿತ್ತು.

ಕುಂಡವನ್ನು ಮಡಿಲಲ್ಲಿಟ್ಟುಕೊಂಡು ನಾನು ನೆಲದ ಮೇಲೆ ಕೂತುಬಿಟ್ಟೆ. ಅದೇ ನೀರು. ನಮ್ಮೂರ ಬಾವಿಯಲ್ಲಿದ್ದದ್ದು ಈ ಮನೆಯ ಬೋರ್‌ವೆಲ್ಲಿನಲ್ಲೂ ಇದೆ. ಎಲೆಯ ತುದಿ ಹಿಡಿದು ನೋಡಿದೆ. ಅದೇ ಕಂದು. ಈ ಗಿಡ ಹುಟ್ಟಿದ್ದು ಎಲ್ಲಿಯೋ, ಕೊಂಡದ್ದು ಗೊರವನಹಳ್ಳಿಯಲ್ಲಿ. ನನ್ನ ಅವ್ವನಿಗೂ ಇದಕ್ಕೂ ಯಾವ ನೆಂಟಸ್ತನ? ಇದಕ್ಕೆ ನಮ್ಮ ಮನೆತನದ ಬಣ್ಣ ಬಂದದ್ದು ಹೇಗೆ?

ಅಡುಗೆಮನೆಯಲ್ಲಿದ್ದ ಗಿರಿಜಳನ್ನು ಕರೆದು, ಫಿಲ್ಟರ್ ಹೊರಗೆ ಬಿಡುವ ನೀರಲ್ಲಿ ಏನಿರುತ್ತದೆ ಎಂದು ಕೇಳಿದೆ.

"ಬೋರ್ ನೀರಲ್ಲಿರೋ ಉಪ್ಪು, ಫ್ಲೋರೈಡು, ಎಲ್ಲ ಅದ್ರಲ್ಲೇ ಹೋಗದು ಅತ್ತೆ. ಒಳ್ಳೇದನ್ನ ಈ ಕಡೆ ಬುಟ್ಟು, ಕೆಟ್ಟದ್ನೆಲ್ಲ ಆ ಕಡೆ ತಳ್ತದೆ."

"ಅಂಗಾದ್ರೆ ನನ್ ಹಲ್ಲು?"

"ಅದೂ ನೀರಿಂದ್ಲೇ ಅಲ್ವಾ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು ಎನ್ನಲೋ ಗೊತ್ತಿರಲಿಲ್ಲ ಎನ್ನಲೋ ತಿಳಿಯಲಿಲ್ಲ. ಕೇಳಿದೆ, "ಮತ್ತೆ ಭೂಮಿದು?"

ಗಿರಿಜ ನನ್ನ ಮುಖ ನೋಡಿದಳು. ಬೆಳಿಗ್ಗೆ ಬೆಳಿಗ್ಗೆ ಮಗುವಿನ ಬಾಯಿ ತೆಗೆಸುತ್ತಿದ್ದದ್ದು ಯಾಕೆಂದು ಅವಳಿಗೆ ಆಗ ಅರ್ಥವಾಗಿರಬೇಕು. ಒಳಗೆ ಹೋಗಿ ಒಂದು ಫೋಟೋ ತಂದಳು. ಮಾನಸ, ಅದು ನೀನು ಭೂಮಿಯ ವಯಸ್ಸಿನಲ್ಲಿದ್ದಾಗ ತೆಗೆದದ್ದು. ಆಗ ನಾನೂ ನಿಮ್ಮ ತಾತನೂ ಇನ್ನೂ ಕೊಡಿಗೇನಹಳ್ಳಿಯಲ್ಲಿದ್ದೆವು, ನಿನ್ನ ಹಲ್ಲು ಬಂದದ್ದನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ನಿಮ್ಮಪ್ಪನ ಹಲ್ಲು ಬರುವಾಗ ಹೊಲದ ಕೆಲಸದಲ್ಲಿ ಅವನ ಬಾಯಿ ನೋಡಲು ಪುರುಸೊತ್ತಿರಲಿಲ್ಲ. ಫೋಟೋದಲ್ಲಿ ನೀನು ಬಾಯಿ ತುಂಬ ನಗುತ್ತಿದ್ದೀಯ. ಮುಂದೆ ಎರಡು ದೊಡ್ಡ ಹಲ್ಲು, ಗರಗಸದ ಅಂಚು, ಪಕ್ಕದ ಹಾಲುಹಲ್ಲಿನೆದುರು ಹಳದಿ.

"ಎಲ್ಲಾ ಮಕ್ಳಿಗೂ ಹೊಸ ಹಲ್ಲು ಬರಾದೇ ಇಂಗೆ. ಆಮೇಲೆ ಸಮ ಆಯ್ತದೆ," ಎಂದಳು ಗಿರಿಜ. "ಭೂಮಿ ಹುಟ್ಟಿದಾಗಿಂದ ಫಿಲ್ಟರ್ ನೀರೇ ಕುಡಿದಿರದು. ನಿಮ್ಮಿಂದ ಅವಳಿಗೆ ಬಂದಿರದು ಮೂಗಿನ ಮೇಲಿನ ಕೋಪ ಒಂದೇ ಅತ್ತೆ."

ನನಗೆ ಕೋಪ ಬರುತ್ತದೆಂದು ಅವಳು ಹೇಳಿದ್ದು ಅದೇ ಮೊದಲು. ಭೂಮಿಯ ಹಲ್ಲಿಗೆ ಏನೂ ಆಗಿಲ್ಲವೆಂಬ ಖುಷಿಯಲ್ಲಿ ನಾನು ಅದನ್ನೂ ಒಪ್ಪಿಕೊಂಡುಬಿಟ್ಟೆ.

ಅವತ್ತೇ ಗಿಡಕ್ಕೆ ಚಿಕಿತ್ಸೆ ಶುರು. ಮೇಲಿನ ಹಕ್ಕಳೆಯನ್ನೂ ಹಿಂಡಿ ಸೇರಿದ ಮಣ್ಣನ್ನೂ ಕೆರೆದು ತೆಗೆದೆ. ಕುಂಡವನ್ನು ಬಚ್ಚಲಿಗೆ ಒಯ್ದು, ಕುಡಿಯುವ ಒಳ್ಳೆಯ ನೀರನ್ನು ನಿಧಾನವಾಗಿ ಹುಯ್ದು, ಅಡಿಯ ತೂತಿನಿಂದ ಪೂರ್ತಿ ಇಳಿಯುವವರೆಗೆ ಬಿಟ್ಟು, ಮತ್ತೆ ಹುಯ್ದೆ. ಮಣ್ಣಿನಲ್ಲಿ ಸೇರಿದ ಉಪ್ಪು ಹಾಗೆ ತೊಳೆದು ಹೋಗಬೇಕು. ಕುಡಿಯುವ ನೀರನ್ನು ಬೇಕೆಂದೇ ಬಚ್ಚಲಿಗೆ ಹರಿಯಬಿಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅವ್ವ ಇದ್ದಿದ್ದರೆ ಚೊಂಬು ಕಿತ್ತುಕೊಳ್ಳುತ್ತಿದ್ದಳು. ಈಗ ಬೇಡದ ನೀರು ನೆಲ ಒರೆಸಲು, ಕಕ್ಕಸಿಗೆ. ಗಿಡಕ್ಕೆ ತಾರಸಿಯ ಪೈಪಿನಡಿ ಡ್ರಮ್ಮಿನಲ್ಲಿ ಹಿಡಿದ ಮಳೆನೀರು. ಮಳೆನೀರು ಮುಗಿದರೆ ನಾವು ಕುಡಿಯುವುದರಲ್ಲೇ ಅದಕ್ಕೂ ಒಂದು ಲೋಟ.

ಹಳೆ ಎಲೆಗಳ ತುದಿ ಮತ್ತೆ ಹಸಿರಾಗಲಿಲ್ಲ. ಕಂದಿದ ತುದಿ ಕಂದಿದ್ದೇ, ಎಷ್ಟು ತೊಳೆದರೂ ಇದ್ದಿಲಲ್ಲಿ ತಿಕ್ಕಿದರೂ ಅದು ಹೋಗುವುದಿಲ್ಲ. ಗಿಡ ಸುಧಾರಿಸಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಸುಳಿ ನೋಡಬೇಕು. ಬಹಳ ದಿನ ಸುಮ್ಮನಿತ್ತು. ಆಮೇಲೆ ಒಂದು ಬೆಳಿಗ್ಗೆ ನಡುವಿನಿಂದ ಹೊಸ ಎಲೆ ನೆಟ್ಟಗೆ, ತುದಿಯವರೆಗೂ ಹಸಿರಾಗಿ ಎದ್ದು ನಿಂತಿತು. ಶಂಷಾದ್‌ಬಿ ಬಂದು ನೋಡಿ, ನಜರ್ ಹೋಯಿತು ಎಂದಳು. ನಾನು ಹೌದೆಂದೆ. ಅವಳ ಮಾತಿನಲ್ಲಿ ಏನು ತಪ್ಪು?

ಮಾನಸ, ನೀನು ರಜೆಗೆ ಬರುವ ಬೆಳಿಗ್ಗೆ ನಾನು ಕತ್ತರಿ ಹಿಡಿದು ಕೂತಿದ್ದೆ. ಕಂದಿದ ತುದಿಗಳನ್ನು ಎಲೆಯ ಆಕಾರಕ್ಕೇ ಓರೆಯಾಗಿ ಕತ್ತರಿಸಿದರೆ ಗೊತ್ತೇ ಆಗುವುದಿಲ್ಲ. ಭೂಮಿ ಬಂದು ಪಕ್ಕದಲ್ಲಿ ಕೂತಳು.

"ಕತ್ರಿಸಿದ್ರೆ ಅದ್ಕೆ ನೋಯಲ್ವಾ?"

"ಇಲ್ಲ ಕಣಮ್ಮ, ತುದಿಲಿ ಜೀವ ಇಲ್ಲ."

"ಬುಟ್ರೆ ಕಾಯಿಲೆ ಜಾಸ್ತಿ ಆಯ್ತದಾ?"

"ಅದೂ ಇಲ್ಲ."

"ಮತ್ಯಾಕೆ ಕತ್ರಿಸ್ತೀಯ?"

"ನಿಮ್ಮಕ್ಕ ನೋಡ್ತಾಳೆ ಅಂತ."

"ನೋಡ್ಲಿ ಬುಡಜ್ಜಿ," ಎಂದು ಹೇಳಿ ಆಡಲು ಓಡಿಹೋದಳು.

ಕತ್ತರಿಯನ್ನು ಕೆಳಗಿಟ್ಟೆ. ನೀನು ಬಂದೆ, ಚೀಲ ಇಳಿಸುವ ಮೊದಲೇ ಕಿಟಕಿಯ ಹತ್ತಿರ ಹೋದೆ. ಒಂದು ಎಲೆಯ ತುದಿ ಹಿಡಿದೆ. "ಪಾಪ, ಇದಕ್ಕೆ ಏನೋ ಆಗಿತ್ತಲ್ವಾ ಅಜ್ಜಿ," ಎಂದೆ. ಆಮೇಲೆ ಹೊಸ ಎಲೆ ನೋಡಿ ನಿನ್ನ ಮುಖ ಅರಳಿತು. ಫೋನ್ ತೆಗೆದು, "ಗಿಡ ಎತ್ಕೊಂಡು ನಿಂತ್ಕೋ, ಒಂದು ಫೋಟೋ" ಎಂದೆ.

ಒದ್ದೆ ಮಣ್ಣಿನ ಕುಂಡ, ಭಾರ. ಎರಡೂ ಕೈಯಲ್ಲಿ ಹಿಡಿದೆ. ಸೆರಗು ಭುಜದ ಮೇಲೇ ಉಳಿಯಿತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಆಗ ಭೂಮಿ ಅಕ್ಕನ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ನನ್ನದೇ ದನಿಯಲ್ಲಿ ಹೇಳಿದಳು, "ಬಾಯಿ ತೆಗಿ ಕಣಮ್ಮ, ಹಲ್ಲು ನೋಡ್ಬೇಕು."

ನಗು ಬಂದುಬಿಟ್ಟಿತು. ಕುಂಡ ಬಿಟ್ಟರೆ ಗಿಡ ಹೋಗುತ್ತದೆ. ಬಿಡದಿದ್ದರೆ ಹಲ್ಲು ಕಾಣುತ್ತದೆ. ನಾನು ಕುಂಡ ಬಿಡಲಿಲ್ಲ.

ಆ ಫೋಟೋದ ಒಂದು ಪ್ರತಿಯನ್ನು ಮಾನಸ ತುಮಕೂರಿನಿಂದ ಕಳಿಸಿದ್ದಾಳೆ. ಮೊದಲು ನೋಡಿದಾಗ ಇದನ್ನು ಅಳಿಸಿಬಿಡು ಎನ್ನಬೇಕೆನಿಸಿತ್ತು. ಈಗ ದಿನಾ ಒಮ್ಮೆ ನೋಡುತ್ತೇನೆ. ಹಂಡೆಯ ಬಾಯಿಂದ ಇಣುಕಿ ನಗುವ ನಮ್ಮವ್ವನ ಹಾಗೆಯೇ ಕಾಣುತ್ತೇನೆ. ಅವಳದು ಚೆಂದದ ನಗು, ನಾನು ಅದನ್ನು ಮರೆತಿದ್ದೆ. ಫೋಟೋವನ್ನು ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ನಾಳೆ ನಿಮ್ಮ ಮಕ್ಕಳು ನಮ್ಮಮ್ಮನ ಅಜ್ಜಿ ಹೇಗಿದ್ದಳು ಎಂದು ಕೇಳಿದರೆ ಸೆರಗಿನ ಫೋಟೋ ತೋರಿಸಬೇಡಿ, ಇದನ್ನು ತೋರಿಸಿ. ಈ ಹಾಳೆಗಳನ್ನು ಬೀರುವಿನಲ್ಲಿ, ಬಟ್ಟೆಗಳ ಮೇಲೆ, ಜೋಪಾನವಾಗಿಡಿ. ನೀರು ಮಾತ್ರ ತಾಗಿಸಬೇಡಿ. ನಮ್ಮ ಕಡೆಯ ನೀರಿನ ಗುಣ ಈಗ ನಿಮಗೂ ಗೊತ್ತಿದೆಯಲ್ಲ.